ಕಾನೂನು, ಸಾರ್ವಜನಿಕ ನೀತಿ ಎರಡೂ ಬೇಕೆ? ಹಾರ್ವರ್ಡ್‌ನ ಜಂಟಿ ಪದವಿ ಮತ್ತು ಬೆಂಗಳೂರಿನ ದಾರಿ
ಹಾರ್ವರ್ಡ್‌ನಲ್ಲಿ 3 ವರ್ಷದ ಜೆಡಿ (ಅಮೆರಿಕದ ಕಾನೂನು ಪದವಿ) ಮತ್ತು 2 ವರ್ಷದ ಎಂಪಿಪಿ (ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ) ಒಟ್ಟಾಗಿ 4 ವರ್ಷಕ್ಕೆ ಮುಗಿಯುತ್ತವೆ. ಉಳಿತಾಯವಾಗುವುದು ಒಂದು ವರ್ಷದ ಶುಲ್ಕ, ಊಟ, ಬಾಡಿಗೆ. ಅಲ್ಲಿನ ದರದಲ್ಲಿ ಅದೇನು ಸಣ್ಣ ಮೊತ್ತವಲ್ಲ. ಆದರೆ ಲಾ ಸ್ಕೂಲ್ ಮತ್ತು ನೀತಿ ವಿಭಾಗವಾದ ಕೆನಡಿ ಸ್ಕೂಲ್‌ಗೆ ಬೇರೆ ಬೇರೆ ಅರ್ಜಿ ಹಾಕಿ ಎರಡೂ ಕಡೆ ಸೀಟು ಗಿಟ್ಟಿಸಬೇಕು. ಒಂದೇ ಪ್ರಬಂಧವನ್ನು ಎರಡಕ್ಕೂ ಕಳಿಸಿದರೆ ಕೆಲಸ ಕೆಡುತ್ತದೆ: ನೀತಿ ವಿಭಾಗದವರು ಗಣಿತ, ಅರ್ಥಶಾಸ್ತ್ರದ ತಯಾರಿಯನ್ನೂ ನೋಡುತ್ತಾರೆ. ಮೊದಲೆರಡು ವರ್ಷ ಒಂದೊಂದು ಶಾಲೆಯಲ್ಲಿ, ಆಮೇಲೆ ಎರಡರ ಮಿಶ್ರಣ.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ 3 ವರ್ಷದ ಎಲ್‌ಎಲ್‌ಬಿ, 2 ವರ್ಷದ ಎಂಪಿಪಿ ಎರಡೂ ಇವೆ. ಪ್ರವೇಶ ಆ ಸಂಸ್ಥೆಯದೇ ಪರೀಕ್ಷೆ ಎನ್‌ಎಲ್‌ಎಸ್‌ಎಟಿ ಮೂಲಕ. ಒಂದಾದ ಮೇಲೆ ಒಂದು, ಒಟ್ಟು 5 ವರ್ಷ. ಏಕಕಾಲಕ್ಕೆ ಮಾಡುವ ಯೋಚನೆ ಬೇಡ. ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳು ಎಲ್‌ಎಲ್‌ಬಿ ಜತೆಗೆ ಇನ್ನೊಂದು ರೆಗ್ಯುಲರ್ ಪದವಿಗೆ ಅವಕಾಶ ಕೊಡುವುದಿಲ್ಲ.

ಭಾರತದ ಕೋರ್ಟುಗಳಲ್ಲಿ ವಕಾಲತ್ತು ಮಾಡುವುದೇ ಗುರಿಯಾದರೆ ಬೆಂಗಳೂರೇ ಸರಿ: ಎಲ್‌ಎಲ್‌ಬಿ, ಸನ್ನದು, ಎಐಬಿಇ (ಅಖಿಲ ಭಾರತ ವಕೀಲರ ಪರೀಕ್ಷೆ), ಅಷ್ಟೇ. ವಿದೇಶಿ ಪದವಿ ತಂದವರು ಅದಕ್ಕೂ ಮೊದಲು ಬಾರ್ ಕೌನ್ಸಿಲ್‌ನ ಮಾನ್ಯತೆ, ಅರ್ಹತಾ ಪರೀಕ್ಷೆ ಎಂದು ಅಲೆಯಬೇಕಾಗುತ್ತದೆ. ವಾಷಿಂಗ್ಟನ್‌ನಲ್ಲೇ ನೆಲೆಸುವವರಿಗೆ ಮಾತ್ರ ಜೆಡಿಯ ಖರ್ಚು ಹೊಂದುತ್ತದೆ.