ಬರೀ ಸಿಕ್ಸ್ ಸಿಗ್ಮಾ, ಬರೀ ಎಐ, ಎರಡೂ ಸೇರಿ: ಬಿಲ್ ಪಾವತಿಯಲ್ಲಿ ಮೂರನ್ನೂ ನಡೆಸಿ ನೋಡಿದಾಗ

ಸರಬರಾಜುದಾರರ ಬಿಲ್ ಕೈಸೇರಿದ ದಿನದಿಂದ ಅವರಿಗೆ ಹಣ ತಲುಪುವ ದಿನದವರೆಗಿನ ಅವಧಿಯನ್ನು ತಗ್ಗಿಸಬೇಕಿತ್ತು. ಇದೊಂದೇ ಕೆಲಸಕ್ಕೆ ನಮ್ಮ ತಂಡ ಮೂರು ದಾರಿಗಳನ್ನು ಒಂದಾದ ಮೇಲೊಂದರಂತೆ ಹಿಡಿಯಿತು. ಮೂರನ್ನೂ ಹತ್ತಿರದಿಂದ ಕಂಡ ಮೇಲೆ ನಾನು ತಳೆದ ನಿಲುವು ಇಷ್ಟು: ಎಐ ನಮಗೆ ನಿಜವಾಗಿ ನೆರವಾದದ್ದು ಅಳೆಯುವ ಸಾಧನವಾಗಿ. ಪರಿಹಾರವೇ ಅದು ಎಂದು ತಂದು ಕೂರಿಸಿದಾಗ ಫಲ ಕಡಿಮೆ.

ಮೊದಲನೆಯದು ಬರೀ ಸಿಕ್ಸ್ ಸಿಗ್ಮಾ. ಕೆಲಸದಲ್ಲಿನ ದೋಷಗಳನ್ನು ಅಳೆದು ತಗ್ಗಿಸಲೆಂದು 1986ರ ಸುಮಾರಿಗೆ ಮೊಟೊರೊಲಾದಲ್ಲಿ ರೂಪುಗೊಂಡ ಈ ಪದ್ಧತಿ ಎಂದೊಡನೆ ಎಲ್ಲರೂ ಹೇಳುವುದು ‘ಹತ್ತು ಲಕ್ಷ ಅವಕಾಶಗಳಿಗೆ 3.4 ದೋಷ’ ಎಂಬ ಲೆಕ್ಕ. ಕಚೇರಿ ಕೆಲಸಕ್ಕೆ ಆ ಅಂಕಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅದರ ಐದು ಹಂತಗಳ ಕ್ರಮ: ಸಮಸ್ಯೆಯನ್ನು ಗುರುತಿಸು, ಅಳೆ, ವಿಶ್ಲೇಷಿಸು, ಸುಧಾರಿಸು, ಹತೋಟಿಯಲ್ಲಿಡು. ಬಿಲ್ ನಮೂದಿಸುವವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಿದೆವು. ಪರ್ಚೇಸ್ ಆರ್ಡರ್ ಸಂಖ್ಯೆ ಇಲ್ಲದ ಬಿಲ್‌ಗಳು ಮತ್ತೆ ಮತ್ತೆ ವಾಪಸ್ ಹೋಗುತ್ತಿದ್ದವು. ಯಾಕೆ ಬರೆದಿಲ್ಲ? ಸರಬರಾಜುದಾರರ ಕಣ್ಣಿಗೆ ಅದು ಬಿದ್ದಿಲ್ಲ. ಯಾಕೆ? ಆರ್ಡರ್ ಪ್ರತಿಯ ಎರಡನೇ ಪುಟದ ಅಡಿಯಲ್ಲಿ ಚಿಕ್ಕ ಅಕ್ಷರದಲ್ಲಿದೆ. ಯಾಕೆ ಅಲ್ಲಿ? ಖರೀದಿ ವಿಭಾಗ ತನ್ನ ಕಡತಕ್ಕೆ ಅನುಕೂಲವಾಗಲೆಂದು ಮಾಡಿಕೊಂಡ ನಮೂನೆ ಅದು. ಈ ಸಂಗತಿ ಯಾವ ಡೇಟಾಬೇಸಿನಲ್ಲೂ ಇರಲಿಲ್ಲ. ಕೂತು ಕೇಳಿದ್ದಕ್ಕೇ ಸಿಕ್ಕಿತು.

ಆದರೆ ವಾಪಸಾತಿಗೆ ಅದೊಂದೇ ಕಾರಣವೇ, ಅದರ ಪಾಲೆಷ್ಟು ಎಂಬುದಕ್ಕೆ ಉತ್ತರ ಸಿಗಲಿಲ್ಲ. ಕಾರಣಗಳನ್ನು ಷರಾ ಕಾಲಂನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದರು. ಕೈಯಿಂದ ಓದಿ ವಿಂಗಡಿಸುವುದೆಂದರೆ ಒಂದು ಸಣ್ಣ ಸ್ಯಾಂಪಲ್ ಅಷ್ಟೇ ಸಾಧ್ಯ. ವರದಿ ಮುಗಿಯುವ ಹೊತ್ತಿಗೆ ಅದರೊಳಗಿನ ಚಿತ್ರ ಹಳತಾಗಿತ್ತು.

ಎರಡನೆಯದು ಬರೀ ಎಐ. ಸ್ಕ್ಯಾನ್ ಮಾಡಿದ ಬಿಲ್ಲನ್ನು ಓದಿ ತಾನೇ ನಮೂದಿಸುವ ವ್ಯವಸ್ಥೆ ಒಂದು, ಯಾವ ಬಿಲ್ ತಡವಾದೀತೆಂದು ಮುಂಚೆಯೇ ಹೇಳುವ ಮಾಡೆಲ್ ಇನ್ನೊಂದು. ಮುನ್ಸೂಚನೆ ಸಾಕಷ್ಟು ಸರಿಯಾಗಿಯೇ ಬರುತ್ತಿತ್ತು. ತಿಂಗಳ ಕೊನೆಯಲ್ಲಿ ಬಂದ ಬಿಲ್ ತಡವಾಗುತ್ತದೆ ಎನ್ನುತ್ತಿತ್ತು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ತಡವಾಗದಂತೆ ಏನು ಮಾಡಬೇಕು ಎಂಬುದು ಮಾತ್ರ ಅದರಲ್ಲಿರಲಿಲ್ಲ.

ನಮೂದಿಸುವ ಕೆಲಸವಂತೂ ಬಹಳ ಚುರುಕಾಯಿತು. ಒಟ್ಟು ಅವಧಿ ಮಾತ್ರ ಹೆಚ್ಚೇನೂ ಇಳಿಯಲಿಲ್ಲ, ಏಕೆಂದರೆ ಬಿಲ್‌ಗಳು ಮಂಜೂರಾತಿ ಕೊಡುವವರ ಮುಂದೆ ರಾಶಿ ಬಿದ್ದವು. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ಬಾಕಿಯನ್ನು ದಿನಕ್ಕೆ ಬರುವ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಅವಧಿ ಸಿಗುತ್ತದೆ. ದಿನಕ್ಕೆ 50 ಬಿಲ್ ಒಳಬಂದು ಅಷ್ಟೇ ಹೊರಹೋಗುವಲ್ಲಿ ಸರಾಸರಿ 400 ಬಿಲ್ ಬಾಕಿ ಇರುತ್ತವೆ ಎಂದರೆ, ಒಂದು ಬಿಲ್ ಸರಾಸರಿ 8 ದಿನ ಒಳಗೇ ಇರುತ್ತದೆ. ಬಾಕಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋದರೆ ಆ 8 ದಿನ ಹಾಗೆಯೇ ಉಳಿಯುತ್ತದೆ.

ನನ್ನನ್ನು ಇನ್ನೂ ಹೆಚ್ಚು ಕಳವಳಕ್ಕೆ ತಳ್ಳಿದ್ದು ಬೇರೆಯೇ. ಆರ್ಡರ್ ಸಂಖ್ಯೆ ಇಲ್ಲದ ಕಡೆ ಮನುಷ್ಯ ಜಾಗವನ್ನು ಖಾಲಿ ಬಿಡುತ್ತಾನೆ. ಬಿಲ್ ಓದುವ ವ್ಯವಸ್ಥೆಯೊಳಗಿನ ಭಾಷಾ ಮಾಡೆಲ್ ಒಮ್ಮೊಮ್ಮೆ ಸರಿಯೆನಿಸುವಂಥ ಒಂದು ಸಂಖ್ಯೆಯನ್ನು ತಾನೇ ತುಂಬಿಬಿಡುತ್ತಿತ್ತು. ಖಾಲಿ ಜಾಗ ಕಣ್ಣಿಗೆ ಕಾಣುತ್ತದೆ, ಹಾಗೆ ತುಂಬಿದ ಸಂಖ್ಯೆ ಕಾಣುವುದಿಲ್ಲ.

ಮೂರನೆಯದರಲ್ಲಿ ಹಂತಗಳು ಸಿಕ್ಸ್ ಸಿಗ್ಮಾದವು, ಅಳತೆಯ ದುಡಿಮೆ ಎಐಯದು. ಮೊದಲು ಪ್ರೊಸೆಸ್ ಮೈನಿಂಗ್, ಅಂದರೆ ಸಿಸ್ಟಂನ ದಾಖಲೆಗಳಿಂದಲೇ ಕೆಲಸ ಸಾಗಿದ ದಾರಿಯನ್ನು ಬಿಡಿಸಿ ನೋಡುವುದು. ಅದಕ್ಕೆ ಬೇಕಾದ್ದು ಮೂರೇ ಮಾಹಿತಿ: ಬಿಲ್ ಸಂಖ್ಯೆ, ನಡೆದ ಕೆಲಸ, ನಡೆದ ಹೊತ್ತು. ಸ್ಯಾಂಪಲ್ ಬದಲು ಎಲ್ಲಾ ಬಿಲ್‌ಗಳ ಓಡಾಟದ ನಕ್ಷೆಯೇ ಮುಂದೆ ಬಂತು. ಎಲ್ಲಿಂದ ಎಲ್ಲಿಗೆ ವಾಪಸ್ ಹೋಗುತ್ತಿವೆ ಎಂಬುದು ಅದರಲ್ಲಿ ನಿಚ್ಚಳ. ಎಚ್ಚರವೂ ಬೇಕು: ಸಿಸ್ಟಂನಲ್ಲಿ ದಾಖಲಾಗುವುದು ಬಟನ್ ಒತ್ತಿದ ಹೊತ್ತು. ಬೆಳಿಗ್ಗೆ ಪರಿಶೀಲಿಸಿ ಸಂಜೆ ಒಟ್ಟಿಗೆ ಒತ್ತುವವರಿದ್ದಾರೆ. ಹಾಗಾಗಿ ಪಕ್ಕದ ಕುರ್ಚಿ ಈ ದಾರಿಯಲ್ಲೂ ತಪ್ಪಲಿಲ್ಲ.

ಆಮೇಲೆ ಷರಾಗಳನ್ನೆಲ್ಲ ಭಾಷಾ ಮಾಡೆಲ್‌ನಿಂದ ವಿಂಗಡಿಸಿದೆವು. ವರ್ಗಗಳನ್ನು ಗೊತ್ತು ಮಾಡಿದವರು ನಾವು. ಕಾರ್ಖಾನೆಯಲ್ಲಿ ಒಂದು ಗೇಜನ್ನು ಬಳಸುವ ಮುನ್ನ ಅದರ ಅಳತೆ ನಂಬಲರ್ಹವೇ ಎಂದು ಪರೀಕ್ಷಿಸುತ್ತಾರಲ್ಲ, ಮಾಡೆಲ್‌ಗೂ ಅದೇ ಪರೀಕ್ಷೆ ಇಟ್ಟೆವು. ಅವೇ ಷರಾಗಳನ್ನು ಇಬ್ಬರು ಅನುಭವಿಗಳಿಗೂ ಮಾಡೆಲ್‌ಗೂ ಬೇರೆಬೇರೆಯಾಗಿ ಕೊಟ್ಟು, ಹೊಂದಿಕೆಯನ್ನು ಕೊಹೆನ್ ಅವರ ಕಪ್ಪಾ ಸೂತ್ರದಿಂದ ಲೆಕ್ಕ ಹಾಕಿದೆವು. ಆಕಸ್ಮಿಕವಾಗಿ ಆಗಬಹುದಾದ ಹೊಂದಿಕೆಯನ್ನು ಅದು ಕಳೆದುಹಾಕುತ್ತದೆ. ಬರೀ ಶೇಕಡಾವಾರು ಮೋಸ ಮಾಡುತ್ತದೆ. ಶೇ 90ರಷ್ಟು ಷರಾಗಳು ಒಂದೇ ವರ್ಗದವಾಗಿದ್ದರೆ, ಕಣ್ಣುಮುಚ್ಚಿ ಸದಾ ಆ ವರ್ಗವನ್ನೇ ಹೇಳುವ ಯಂತ್ರವೂ ಶೇ 90 ಸರಿ ಎನಿಸಿಕೊಳ್ಳುತ್ತದೆ. ಅದರ ಕಪ್ಪಾ ಸೊನ್ನೆ.

ಈ ಪರೀಕ್ಷೆಯಲ್ಲಿ ಬಯಲಾದದ್ದು ಇಬ್ಬರು ಮನುಷ್ಯರ ನಡುವಿನ ಭಿನ್ನಮತ. ‘ದಾಖಲೆ ಅಪೂರ್ಣ’, ‘ಮಾಹಿತಿ ತಪ್ಪು’ ಎಂಬ ಎರಡು ವರ್ಗಗಳ ಗಡಿಯನ್ನು ನಾವೇ ಸರಿಯಾಗಿ ಬರೆದಿರಲಿಲ್ಲ. ಅದನ್ನು ತಿದ್ದಿದ ಮೇಲೆ ಮನುಷ್ಯರ ಹೊಂದಿಕೆಯೂ ಏರಿತು, ಮಾಡೆಲ್‌ನದೂ ಏರಿತು. ಮೊದಲ ದಾರಿಯಲ್ಲಿ ಕಂಡಿದ್ದ ಕಾರಣವೇ ದೊಡ್ಡದೆಂದು ಆಗ ಖಾತ್ರಿಯಾಯಿತು. ಪರಿಹಾರದಲ್ಲಿ ಎಐ ಇಲ್ಲವೇ ಇಲ್ಲ: ಆರ್ಡರ್ ಸಂಖ್ಯೆ ಮೊದಲ ಪುಟದ ತಲೆಯ ಮೇಲೆ ದೊಡ್ಡದಾಗಿ ಬಂತು, ಆ ಸಂಖ್ಯೆಯಿಲ್ಲದ ಬಿಲ್ಲನ್ನು ಸಲ್ಲಿಕೆಯ ಪುಟ ಒಪ್ಪಿಕೊಳ್ಳದಂತಾಯಿತು. ಟೊಯೊಟಾದ ಕೆಲಸದಿಂದ ಹೆಸರಾದ ಶಿಗಿಯೊ ಶಿಂಗೊ ತಪ್ಪೇ ಆಗದಂತೆ ತಡೆಯುವ ಇಂಥ ಏರ್ಪಾಟನ್ನೇ ಪೋಕಾ-ಯೋಕೆ ಎಂದು ಕರೆದರು.

ಮೂರನೆಯದಕ್ಕೆ ಆರಂಭದ ಖರ್ಚು, ತಾಳ್ಮೆ ಎರಡೂ ಹೆಚ್ಚು ಬೇಕು. ಬಿಲ್‌ಗಳ ಸಂಖ್ಯೆ ಕಡಿಮೆಯಿರುವ ಕಚೇರಿಗೆ ಮೊದಲನೆಯದೇ ಸಾಕು. ಓದಿ ನಮೂದಿಸುವುದೇ ನಿಜವಾದ ಅಡಚಣೆಯಾಗಿದ್ದರೆ ಎರಡನೆಯದಕ್ಕೂ ಅರ್ಥವಿದೆ. ಉಳಿದೆಡೆ ನನ್ನ ಮತ ಮೂರನೆಯದಕ್ಕೇ, ಅದೂ ಮಾಡೆಲ್ ಮೇಲೆ ಕಂಟ್ರೋಲ್ ಚಾರ್ಟ್ ಇದ್ದರೆ ಮಾತ್ರ. ವಾಲ್ಟರ್ ಶೂಹಾರ್ಟ್ 1924ರಲ್ಲಿ ಕೊಟ್ಟ, ಸಹಜ ಏರಿಳಿತವನ್ನು ಅಸಹಜ ಬದಲಾವಣೆಯಿಂದ ಬೇರ್ಪಡಿಸಿ ತೋರಿಸುವ ಅದೇ ಚಾರ್ಟ್. ವಾರಕ್ಕೊಮ್ಮೆ ಮಾಡೆಲ್ ವಿಂಗಡಿಸಿದ್ದರಲ್ಲಿ ಒಂದಷ್ಟನ್ನು ಮನುಷ್ಯರು ಮರುಪರಿಶೀಲಿಸಿ ತಪ್ಪಿನ ಪ್ರಮಾಣವನ್ನು ಅದರಲ್ಲಿ ಗುರುತು ಹಾಕುತ್ತಾರೆ. ಬಿಲ್ಲಿನ ನಮೂನೆ ಬದಲಾದರೂ, ಮಾಡೆಲ್‌ನ ಆವೃತ್ತಿ ಬದಲಾದರೂ ಸುಳಿವು ಅಲ್ಲೇ ಸಿಗಬೇಕು. ಬಿಂದು ಸಹಜ ಏರಿಳಿತದ ಮಿತಿಯಾದ ಮೂರು ಸಿಗ್ಮಾ ಗೆರೆ ದಾಟಿದರೆ ವಿಂಗಡಣೆ ಮನುಷ್ಯರ ಕೈಗೆ ವಾಪಸ್ ಬರುತ್ತದೆ, ಕಪ್ಪಾ ಪರೀಕ್ಷೆ ಮತ್ತೆ ಪಾಸಾಗುವವರೆಗೆ ಅಲ್ಲೇ ಇರುತ್ತದೆ.