ಹಿಂದಿನ ಸೀಟಿನಿಂದ ಎರಡು ಐಷಾರಾಮಿ ಸೆಡಾನ್‌ಗಳ ಹೋಲಿಕೆ

ಪುಣೆಯಲ್ಲಿ ಐಷಾರಾಮಿ ಸೆಡಾನ್ ಇಟ್ಟುಕೊಂಡವರಲ್ಲಿ ನಾನು ಬಲ್ಲ ಹೆಚ್ಚಿನವರು ವಾರದ ದಿನಗಳಲ್ಲಿ ಅದನ್ನು ತಾವೇ ಓಡಿಸುವುದಿಲ್ಲ. ಚಾಲಕ ಓಡಿಸುತ್ತಾನೆ, ಅವರು ಹಿಂದೆ ಎಡಗಡೆ ಕುಳಿತು ಫೋನಿನಲ್ಲಿ ಮಾತನಾಡುತ್ತಿರುತ್ತಾರೆ. ಆದ್ದರಿಂದ ಈ ಕಾರುಗಳಲ್ಲಿ ಏನು ಸುಧಾರಿಸಬೇಕು ಎಂದು ಕೇಳಿದರೆ ಮುಂದಿನ ಸೀಟಿನವರ ಉತ್ತರವೇ ಬೇರೆ, ಹಿಂದಿನ ಸೀಟಿನವರ ಉತ್ತರವೇ ಬೇರೆ. ಬಾಣೇರ್‌ನ ನಮ್ಮ ಮನೆಯಲ್ಲಿರುವುದು ಜರ್ಮನ್ ಮೂಲದ, ಉದ್ದ ವೀಲ್‌ಬೇಸ್‌ನ, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಹೆಚ್ಚು ಅಂತರವಿರುವ ಪೆಟ್ರೋಲ್ ಸೆಡಾನ್. ಕೋಥ್ರೂಡ್‌ನಲ್ಲಿರುವ ಅಕ್ಕ-ಭಾವನವರ ಮನೆಯಲ್ಲಿರುವುದು ಜಪಾನಿ ಮೂಲದ, ಪೆಟ್ರೋಲ್ ಎಂಜಿನ್ನಿನ ಜೊತೆಗೆ ಬ್ಯಾಟರಿಯಿಂದ ಓಡುವ ಮೋಟಾರೂ ಇರುವ ಹೈಬ್ರಿಡ್. ಧಾರವಾಡಕ್ಕೆ ಹೋಗಿಬರುವಾಗ ಒಮ್ಮೆ ಅದು, ಒಮ್ಮೆ ಇದು ಎಂದು ಎರಡು ಮನೆಯವರೂ ಅದಲುಬದಲು ಮಾಡಿಕೊಳ್ಳುವುದರಿಂದ, ಒಂದೇ ರಸ್ತೆಯಲ್ಲಿ ಎರಡನ್ನೂ ನೋಡುವ ಅವಕಾಶ ನನಗೆ ಸಿಕ್ಕಿದೆ. ಕಂಪನಿಯ ಹೆಸರೆತ್ತಿದ ಕೂಡಲೇ ಮಾತು ಅಭಿಮಾನದ ಕಡೆಗೆ ತಿರುಗುತ್ತದಾದ್ದರಿಂದ ಇವನ್ನು ಇಲ್ಲಿ ಜರ್ಮನ್ ಕಾರು, ಹೈಬ್ರಿಡ್ ಎಂದಷ್ಟೇ ಕರೆಯುತ್ತೇನೆ.

ಹಿಂದೆ ಕಾಲು ಚಾಚಲು ಜಾಗ ಬೇಕೆಂಬ ನಮ್ಮವರ ಕೋರಿಕೆ ಕಂಪನಿಗಳಿಗೆ ತಲುಪಿದೆ ಎಂಬುದರಲ್ಲಿ ಸಂಶಯವಿಲ್ಲ. ಮರ್ಸಿಡಿಸ್-ಬೆಂಜ್ 2017ರಲ್ಲಿಯೇ ಉದ್ದ ವೀಲ್‌ಬೇಸ್‌ನ ಇ-ಕ್ಲಾಸ್ ತಂದು ಪುಣೆಯ ಪಕ್ಕದ ಚಾಕಣದಲ್ಲಿ ಜೋಡಿಸತೊಡಗಿತು. 2024ರಲ್ಲಿ ಬಂದ ಹೊಸ ಪೀಳಿಗೆಯಲ್ಲಿ ಎರಡು ಆಕ್ಸಲ್‌ಗಳ ನಡುವಿನ ಅಂತರ 3094 ಮಿ.ಮೀ. ಅದೇ ವರ್ಷ ಬಿಎಂಡಬ್ಲ್ಯು ಕಂಪನಿಯೂ 5 ಸೀರೀಸನ್ನು 3105 ಮಿ.ಮೀ. ವೀಲ್‌ಬೇಸ್‌ನೊಂದಿಗೆ ಭಾರತಕ್ಕೆ ತಂದಿತು. ನಮ್ಮ ಬಿಡದಿಯಲ್ಲಿ ಜೋಡಣೆಯಾಗುವ ಟೊಯೋಟಾ ಕ್ಯಾಮ್ರಿಯಲ್ಲಿ ಈ ಅಳತೆ 2825 ಮಿ.ಮೀ. ಒಂದು ಗೇಣಿಗೂ ಹೆಚ್ಚಾದ ಈ ವ್ಯತ್ಯಾಸದ ಒಂದು ಪಾಲು ಹಿಂದೆ ಕುಳಿತವರ ಮೊಣಕಾಲಿನ ಮುಂದೆ ಬರುತ್ತದೆ. ನಮ್ಮ ಜರ್ಮನ್ ಕಾರಿನಲ್ಲಿ ಒರಗು ಹಿಂದಕ್ಕೆ ಬಾಗುತ್ತದೆ, ತೊಡೆಯ ಕೆಳಗಿನ ಮೆತ್ತೆ ಮುಂದಕ್ಕೆ ಚಾಚುತ್ತದೆ. ಸಾತಾರಾ ದಾಟುವಷ್ಟರಲ್ಲಿ ನಿದ್ದೆ ತಾನಾಗಿ ಬರುತ್ತದೆ. ಹೈಬ್ರಿಡ್‌ನ ಹಿಂದಿನ ಸೀಟು ಅಷ್ಟು ಉದಾರವಲ್ಲ, ಆದರೂ ಆರಡಿ ಎತ್ತರದ ಭಾವನವರಿಗೆ ಅದು ಸಾಕಾಗಿದೆ.

ಆದರೆ ಉದ್ದ ಕೊಟ್ಟವರು ಎತ್ತರವನ್ನು ಮರೆತರು. ನಮ್ಮ ತಾಯಿಯವರಿಗೆ ಮೊಣಕಾಲು ನೋವಿದೆ. ಜರ್ಮನ್ ಕಾರಿನ ಹಿಂದಿನ ಸೀಟು ನೆಲಕ್ಕೆ ಹತ್ತಿರವಾಗಿದೆ, ಬಾಗಿಲಿನ ಹೊಸ್ತಿಲು ಅಗಲವಾಗಿದೆ, ಸೀಟಿನ ಮೆತ್ತೆ ಹಿಂದಕ್ಕೆ ಇಳಿಜಾರಾಗಿದೆ. ಈ ಮೂರೂ ಸೇರಿ, ಒಳಗೆ ಕುಳಿತಷ್ಟು ಹೊತ್ತು ಸುಖವಾಗಿದ್ದವರು ಇಳಿಯುವ ಹೊತ್ತಿಗೆ ಕಷ್ಟಪಡುತ್ತಾರೆ. ನಿಪ್ಪಾಣಿಯ ಹತ್ತಿರ ಚಹಾಕ್ಕೆಂದು ನಿಲ್ಲಿಸಿದಾಗಲೆಲ್ಲ ‘ಏಳಾಕ ಆಗವಲ್ದು, ಒಂದೀಟ ಕೈ ಕೊಡಪಾ’ ಎನ್ನುತ್ತಾರೆ. ಹೈಬ್ರಿಡ್‌ನಲ್ಲಿ ಬಾಗಿಲಿನ ಹಿಡಿಕೆಯನ್ನು ಹಿಡಿದು ತಾವೇ ಇಳಿಯುತ್ತಾರೆ. ಟೇಪು ಹಿಡಿದು ಅಳೆದು ನೋಡಿದಾಗ ಎರಡು ಸೀಟುಗಳ ಮುಂದಂಚಿನ ಎತ್ತರದಲ್ಲಿ ಕಂಡ ಅಂತರ ಮೂರು ಬೆರಳಿನಷ್ಟು ಮಾತ್ರ, ಆದರೆ ಎಪ್ಪತ್ತು ದಾಟಿದವರಿಗೆ ಆ ಮೂರು ಬೆರಳೇ ಮುಖ್ಯ. ಗಾಳಿಯ ಸಸ್ಪೆನ್ಷನ್ ಇರುವ ದೊಡ್ಡ ಸೆಡಾನ್‌ಗಳಲ್ಲಿ ಗಾಡಿಯನ್ನು ಎತ್ತರಿಸುವ ವ್ಯವಸ್ಥೆ ಈಗಾಗಲೇ ಇರುವುದರಿಂದ, ನಿಂತು ಬಾಗಿಲು ತೆರೆದಾಗ ಕಾರು ತಾನಾಗಿಯೇ ಸ್ವಲ್ಪ ಮೇಲೇಳುವ ಏರ್ಪಾಡನ್ನು ಈ ವರ್ಗಕ್ಕೂ ಇಳಿಸಬೇಕು ಎಂಬುದು ನನ್ನ ಕೋರಿಕೆಗಳಲ್ಲಿ ಮೊದಲನೆಯದು.

ಎರಡನೆಯದು ಚಕ್ರದ ಕುರಿತಾದದ್ದು. ಇಲ್ಲಿ ನನ್ನ ಅಭಿಪ್ರಾಯ, ಚಕ್ರ ದೊಡ್ಡದಾದಷ್ಟೂ ಚೆನ್ನ ಎನ್ನುವ ಷೋರೂಂನವರ ಅಭಿಪ್ರಾಯಕ್ಕೆ ನೇರ ವಿರುದ್ಧವಾಗಿದೆ. ಟೈರಿನ ಮೇಲೆ 245/40 ಆರ್20 ಎಂದು ಬರೆದಿದ್ದರೆ ಕೊನೆಯ 20 ರಿಮ್ಮಿನ ಇಂಚು, ಮೊದಲ 245 ಟೈರಿನ ಅಗಲದ ಮಿ.ಮೀ.; ಅದರ ಪಕ್ಕದ ಗೋಡೆಯ ಎತ್ತರ 245ರಲ್ಲಿ ಶೇ. 40, ಅಂದರೆ 98 ಮಿ.ಮೀ. ಅದೇ 225/55 ಆರ್18 ಆಗಿದ್ದರೆ ಸುಮಾರು 124 ಮಿ.ಮೀ. ಎರಡೂ ಟೈರುಗಳ ಒಟ್ಟು ವ್ಯಾಸ ಹೆಚ್ಚುಕಡಿಮೆ ಒಂದೇ, 704 ಮಿ.ಮೀ.; ಆದ್ದರಿಂದ ದೊಡ್ಡ ರಿಮ್ ಹಾಕಿದರೆ ಕಾರು ಒಂದಿಷ್ಟೂ ಎತ್ತರವಾಗುವುದಿಲ್ಲ, ರಸ್ತೆಯ ಗುಂಡಿಗೂ ರಿಮ್ಮಿಗೂ ನಡುವೆ ಇರುವ ರಬ್ಬರು ಮತ್ತು ಗಾಳಿ ಮಾತ್ರ ಒಂದು ಅಂಗುಲದಷ್ಟು ಕಡಿಮೆಯಾಗುತ್ತದೆ. ಮಳೆಗಾಲ ಮುಗಿದ ಮೇಲಿನ ಬಾಣೇರ್ ರಸ್ತೆಯಲ್ಲಿ ನೀರು ನಿಂತ ಗುಂಡಿಯ ಆಳ ಯಾರಿಗೂ ತಿಳಿಯದು. ನಮ್ಮ ಕಾರಿನ ಇಪ್ಪತ್ತು ಇಂಚಿನ ಚಕ್ರಕ್ಕೆ ಅಂಥ ಒಂದು ಗುಂಡಿಯಲ್ಲಿ ಪೆಟ್ಟು ಬಿದ್ದು ಟೈರಿನ ಗೋಡೆಯಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಎದ್ದಿತು. ಅಂಥ ಉಬ್ಬನ್ನು ದುರಸ್ತಿ ಮಾಡಲಾಗದು. ಒಳಗಿನ ದಾರಗಳು ಹರಿದಿರುತ್ತವೆ, ಟೈರನ್ನೇ ಬದಲಿಸಬೇಕು. ಭಾವನವರ ಕಾರಿನ ಚಕ್ರ ಚಿಕ್ಕದು, ನೋಡಲು ಅಷ್ಟೇನೂ ಠೀವಿಯದಲ್ಲ. ಆದರೆ ಅದೇ ರಸ್ತೆಯಲ್ಲಿ ಅದು ಗುಂಡಿಗಳನ್ನು ಸದ್ದಿಲ್ಲದೆ ನುಂಗಿಕೊಂಡು ಹೋಗುತ್ತದೆ. ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ ಮಾತು ತಿರುಗುಮುರುಗಾಗುತ್ತದೆ ಎಂಬುದನ್ನೂ ಹೇಳಬೇಕು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಜರ್ಮನ್ ಕಾರು ರಸ್ತೆಗೆ ಕಚ್ಚಿಕೊಂಡಂತೆ ಸಾಗಿದರೆ, ಹೈಬ್ರಿಡ್‌ನ ಹಿಂಭಾಗ ತುಸು ತೇಲಾಡುತ್ತದೆ.

ಉದ್ದನೆಯ ಕಾರಿಗೆ ಇನ್ನೊಂದು ತೊಡಕು, ವೇಗ ತಗ್ಗಿಸಲು ರಸ್ತೆಗೆ ಅಡ್ಡಲಾಗಿ ಹಾಕುವ ಹಂಪುಗಳದು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಹಂಪಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್ ಇರಬೇಕು. ಅಂಥ ಹಂಪನ್ನು ಎರಡೂ ಕಾರುಗಳು ಸಲೀಸಾಗಿ ದಾಟುತ್ತವೆ. ಹೌಸಿಂಗ್ ಸೊಸೈಟಿಯವರು ಉಳಿದ ಕಾಂಕ್ರೀಟನ್ನು ಗುಡ್ಡೆ ಹಾಕಿ ಮಾಡಿದ ಹಂಪುಗಳ ಮೇಲೆ, ಹಿಂದೆ ಮೂವರು ಕುಳಿತಿದ್ದರೆ, ನಮ್ಮ ಕಾರಿನ ಹೊಟ್ಟೆ ಉಜ್ಜುತ್ತದೆ; ಚಾಲಕ ಓರೆಯಾಗಿ ಒಂದೊಂದೇ ಚಕ್ರ ಹತ್ತಿಸಬೇಕಾಗುತ್ತದೆ.

ಇನ್ನು ಕಾರಿನೊಳಗೆ, ಬೆರಳಿನಿಂದ ಒತ್ತುವ ಗುಂಡಿ ಮತ್ತು ಟಚ್‌ಸ್ಕ್ರೀನ್ ಪರದೆಯ ನಡುವಿನ ಜಗಳದಲ್ಲಿ ನಾನು ಗುಂಡಿಯ ಪಕ್ಷ. ಜುಲೈ ತಿಂಗಳಿನಲ್ಲಿ ಖಂಬಾಟ್ಕಿ ಘಾಟಿನಲ್ಲಿ ಮುಂದಿನ ಗಾಜಿಗೆ ಒಳಗಿನಿಂದ ಹಬೆ ಕಟ್ಟಿದಾಗ, ಎದುರಿಗೆ ಲಾರಿಯ ಕೆಂಪು ದೀಪ ಮಸುಕಾಗಿ ಕಾಣುತ್ತಿರುವಾಗ, ನಮ್ಮ ಚಾಲಕ ಪರದೆಯ ಕೆಳಗಿನ ಸಣ್ಣ ಚಿಹ್ನೆಗಾಗಿ ಬೆರಳಾಡಿಸುತ್ತಿದ್ದುದನ್ನು ನಾನು ಹಿಂದಿನಿಂದ ನೋಡುತ್ತಿದ್ದೆ. ಹೈಬ್ರಿಡ್‌ನಲ್ಲಿ ಅದೇ ಕೆಲಸಕ್ಕೆ ಕೈಗೆ ತಾಗುವ ಒಂದು ಗುಂಡಿಯಿದೆ, ಕಣ್ಣನ್ನು ರಸ್ತೆಯಿಂದ ತೆಗೆಯಬೇಕಾಗಿಲ್ಲ. ಬಿಎಂಡಬ್ಲ್ಯು 2001ರಲ್ಲಿ 7 ಸೀರೀಸ್‌ಗೆ ಐಡ್ರೈವ್ ಎಂಬ ತಿರುಗುಗುಂಡಿಯನ್ನು ಅಳವಡಿಸಿದಾಗ ಅದು ವಿಪರೀತ ತೊಡಕಿನದು ಎಂದು ಟೀಕೆಗಳ ಸುರಿಮಳೆಯಾಗಿತ್ತು. ಈಗ ಅಂಥದೊಂದು ಗುಂಡಿಯಾದರೂ ಇರಲಿ ಎನ್ನುವ ಕಾಲ ಬಂದಿದೆ. ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸಿ ಅಂಕ ಕೊಡುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್, ಅಪಾಯಸೂಚಕ ದೀಪ, ತುರ್ತು ಕರೆ ಇವಕ್ಕೆ ನಿಜವಾದ ಗುಂಡಿ ಅಥವಾ ಸನ್ನೆಕೋಲು ಇದ್ದರೆ ಮಾತ್ರ ಪೂರ್ತಿ ಅಂಕ ಎಂದು ತನ್ನ ಪರೀಕ್ಷೆಯನ್ನು ಬಿಗಿಗೊಳಿಸಿದೆ. ಆ ಪಟ್ಟಿಯಲ್ಲಿ ಎಸಿ ಮತ್ತು ಗಾಜಿನ ಹಬೆ ತೆಗೆಯುವ ಡಿಫಾಗರ್ ಇಲ್ಲದಿರುವುದು, ನಮ್ಮ ಘಾಟಿಗಳನ್ನು ಬಲ್ಲವರ ಕಣ್ಣಿಗೆ, ಕೊರತೆಯೇ ಸರಿ.

ತಂಪಿನ ವಿಷಯದಲ್ಲಿ ಹೈಬ್ರಿಡ್ ಸ್ಪಷ್ಟವಾಗಿ ಗೆಲ್ಲುತ್ತದೆ. ಅದರ ಎಸಿ ಕಂಪ್ರೆಸರ್ ಬ್ಯಾಟರಿಯ ವಿದ್ಯುತ್ತಿನಿಂದ ತಿರುಗುವುದರಿಂದ, ವಿದ್ಯಾಪೀಠ ಚೌಕದ ಸಿಗ್ನಲ್‌ನಲ್ಲಿ ಎಂಜಿನ್ ಸಂಪೂರ್ಣ ನಿಂತಿದ್ದರೂ ಗಾಳಿ ತಣ್ಣಗೇ ಇರುತ್ತದೆ. ನಮ್ಮ ಕಾರಿನಲ್ಲಿ ಕಂಪ್ರೆಸರ್ ಎಂಜಿನ್ನಿನ ಬೆಲ್ಟಿಗೆ ಕಟ್ಟಿಕೊಂಡಿದೆ. ಸಿಗ್ನಲ್‌ನಲ್ಲಿ ಎಂಜಿನ್ ನಿಂತ ಸ್ವಲ್ಪ ಹೊತ್ತಿಗೆ ಗಾಳಿ ಬೆಚ್ಚಗಾಗುತ್ತದೆ, ಚಾಲಕ ಬೇಸತ್ತು ಆ ಸ್ಟಾರ್ಟ್-ಸ್ಟಾಪ್ ಸೌಲಭ್ಯವನ್ನೇ ಆರಿಸಿಬಿಡುತ್ತಾನೆ, ಪೆಟ್ರೋಲು ಉಳಿಯುವ ಮಾತು ಅಲ್ಲಿಗೆ ಮುಗಿಯುತ್ತದೆ. ಹಾಗೆಂದು ಹೈಬ್ರಿಡ್‌ನದು ಎಲ್ಲವೂ ಮೌನವಲ್ಲ. ಘಾಟಿ ಹತ್ತುವಾಗ ವೇಗಕ್ಕಿಂತ ಮೊದಲು ಎಂಜಿನ್ನಿನ ಕೂಗು ಏರುತ್ತದೆ, ಈ ಬೆಲೆಯ ಕಾರಿಗೆ ಅದು ಒಪ್ಪುವುದಿಲ್ಲ. ಬಿಸಿಲಿನ ವಿಷಯಕ್ಕೆ ಬಂದರೆ, ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದಕ್ಕೆ 2012ರ ಸುಪ್ರೀಂ ಕೋರ್ಟ್ ಆದೇಶದಿಂದ ಕಡಿವಾಣ ಬಿದ್ದ ಮೇಲೆ ಕಾರ್ಖಾನೆಯಿಂದಲೇ ಬರುವ ಕಿಟಕಿಯ ಪರದೆಗಳ ಮೌಲ್ಯ ಹೆಚ್ಚಿದೆ. ಹೀಗಿರುವಾಗ ಛಾವಣಿಯನ್ನೇ ಗಾಜು ಮಾಡುವ ಹುಚ್ಚು ಏಕೆಂದು ನನಗೆ ಇನ್ನೂ ಅರ್ಥವಾಗಿಲ್ಲ.

ಸಾಮಾನು ಇಡುವ ಡಿಕ್ಕಿಯ ವಿಷಯದಲ್ಲಿ ಎರಡೂ ಕಾರುಗಳು ತಕ್ಕಷ್ಟು ನಿರಾಶೆ ತರುತ್ತವೆ. ನಮ್ಮದರಲ್ಲಿ ಸ್ಟೆಪ್ನಿಗೆ ಸರಿಯಾದ ಹೊಂಡವಿಲ್ಲ, ಅದು ಡಿಕ್ಕಿಯ ನೆಲದ ಮೇಲೆಯೇ ಪಟ್ಟಿ ಬಿಗಿದು ಕುಳಿತಿದೆ; ಊರಿನಿಂದ ಬರುವಾಗ ಜೋಳದ ಚೀಲ ಅದರ ಮೇಲೆ, ರೊಟ್ಟಿಯ ಡಬ್ಬಿ ಮಡಿಲಲ್ಲಿ. ಸ್ಟೆಪ್ನಿಯೇ ಬೇಡ, ರನ್-ಫ್ಲ್ಯಾಟ್ ಟೈರು ಸಾಕು ಎನ್ನುವವರಿದ್ದಾರೆ. ಗಾಳಿ ಹೋದ ಮೇಲೆ ಅದು ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ ಸುಮಾರು 80 ಕಿ.ಮೀ. ಸಾಗುತ್ತದೆ, ಕರಾಡಿನಲ್ಲಿ ಪಂಕ್ಚರ್ ಆದರೆ ಕೊಲ್ಲಾಪುರದವರೆಗೆ ಹೋಗಬಹುದು, ಆದರೆ ಅದೇ ಅಳತೆಯ ಟೈರು ಅಲ್ಲಿಯ ಅಂಗಡಿಯಲ್ಲಿ ಸಿಗಬೇಕಲ್ಲ! ಹೊಂಡವೊಂದನ್ನು ಮಾಡಿ ಸ್ಟೆಪ್ನಿಯನ್ನು ಕೆಳಗಿಡಿ ಎಂದು ಕೇಳುವುದು ದೊಡ್ಡ ಆಸೆಯೇನಲ್ಲ.

ಇನ್ನು ಬಣ್ಣ ಬದಲಿಸುವ ಒಳದೀಪಗಳು, ಸುವಾಸನೆಯ ಸೀಸೆ, ಸೆಲ್ಫಿ ಕ್ಯಾಮೆರಾ ಇವುಗಳ ಬಗ್ಗೆ ನನಗೆ ದ್ವೇಷವೂ ಇಲ್ಲ, ಆಸಕ್ತಿಯೂ ಇಲ್ಲ. ಅದಕ್ಕಿಂತ ಹಿಂದಿನ ಸೀಟ್‌ಬೆಲ್ಟಿನ ಕೊಂಡಿಯನ್ನು ಸರಿಪಡಿಸಲಿ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ, ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕುಳಿತಿದ್ದ ಉದ್ಯಮಿ ಸೈರಸ್ ಮಿಸ್ತ್ರಿಯವರು ಅಪಘಾತದಲ್ಲಿ ತೀರಿಕೊಂಡ ಮೇಲೆ ನಮ್ಮ ಮನೆಗಳಲ್ಲಿ ಹಿಂದೆ ಕುಳಿತವರೂ ಬೆಲ್ಟ್ ಹಾಕುವುದು ಕಟ್ಟುನಿಟ್ಟಾಯಿತು. ಎರಡೂ ಕಾರುಗಳಲ್ಲಿ ಕೊಂಡಿ ಮೆತ್ತೆಯೊಳಗೆ ಹೂತುಹೋಗುತ್ತದೆ, ವಯಸ್ಸಾದವರಿಗೆ ಇನ್ನೊಬ್ಬರು ಹುಡುಕಿ ಕೊಡಬೇಕು. ನೆಟ್ಟಗೆ ನಿಲ್ಲುವ, ಕತ್ತಲಲ್ಲಿ ಸಣ್ಣದಾಗಿ ಬೆಳಗುವ ಕೊಂಡಿ ಸಾಕು.

ಈಗ ಕೊಳ್ಳಬೇಕಾಗಿ ಬಂದರೆ, ತಾಯಿಯವರ ಓಡಾಟಕ್ಕೂ ಊರೊಳಗಿನ ದಿನನಿತ್ಯಕ್ಕೂ ನಾನು ಹೈಬ್ರಿಡ್ಡನ್ನೇ ಆರಿಸುತ್ತೇನೆ. ತಿಂಗಳಲ್ಲಿ ಹಲವು ಸಲ ಎಕ್ಸ್‌ಪ್ರೆಸ್‌ವೇ ಹಿಡಿಯುವವರಿಗೆ ಜರ್ಮನ್ ಕಾರು ಸರಿ, ಆದರೆ ಚಿಕ್ಕ ಚಕ್ರದೊಂದಿಗೆ. ಇಲ್ಲಿಯೇ ತೊಡಕಿರುವುದು. ಹದಿನೆಂಟು ಇಂಚಿನ ಚಕ್ರ ಬೇಕೆಂದರೆ ಕೆಳಗಿನ ಆವೃತ್ತಿಯನ್ನು ಕೊಳ್ಳಬೇಕು, ಅದರಲ್ಲಿ ಗಾಳಿಯಾಡುವ ಸೀಟೂ ಕಿಟಕಿಯ ಪರದೆಯೂ ಇರುವುದಿಲ್ಲ. ಅವು ಬೇಕೆಂದರೆ ಮೇಲಿನ ಆವೃತ್ತಿಯನ್ನು ಕೊಳ್ಳಬೇಕು, ಅದರೊಂದಿಗೆ ಇಪ್ಪತ್ತು ಇಂಚಿನ ಚಕ್ರವೂ ಗಾಜಿನ ಛಾವಣಿಯೂ ಕಡ್ಡಾಯವಾಗಿ ಬರುತ್ತವೆ. ಮುಕ್ಕಾಲು ಕೋಟಿ ರೂಪಾಯಿ ಕೊಡುವವನಿಗೆ ಚಕ್ರವನ್ನೂ ಸೀಟನ್ನೂ ಬೇರೆ ಬೇರೆಯಾಗಿ ಆರಿಸಿಕೊಳ್ಳುವ ಅವಕಾಶವನ್ನು ಕೊಡಿ ಎಂದು ಷೋರೂಂನವರು ಕೊಟ್ಟ ಅಭಿಪ್ರಾಯದ ಹಾಳೆಯಲ್ಲಿ ಬರೆದಿದ್ದೇನೆ.