ಕ್ಯಾತ್ಸಂದ್ರದ ಮನೆಗೆ ಬಂದ ಫೈಬರ್ ಇಂಟರ್ನೆಟ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ತುಮಕೂರಿನ ಕ್ಯಾತ್ಸಂದ್ರದಲ್ಲಿರುವ ನಮ್ಮ ಮನೆಗೆ ಫೈಬರ್ ಸಂಪರ್ಕ ಬಂದು ಹದಿನಾಲ್ಕು ತಿಂಗಳಾಯಿತು. ಕೊಟ್ಟವರು ಮೊದಲಿನಿಂದಲೂ ನಮ್ಮ ಬೀದಿಗೆ ಕೇಬಲ್ ಟಿವಿ ಕೊಡುತ್ತಿದ್ದ ಸ್ಥಳೀಯರು. 100 ಎಂಬಿಪಿಎಸ್ ಪ್ಲಾನಿಗೆ ತಿಂಗಳಿಗೆ 500 ರೂಪಾಯಿ, ಶೇ 18ರ ಜಿಎಸ್‌ಟಿ ಸೇರಿದರೆ 590. ಈ ಹಣಕ್ಕೆ ಸೇವೆ ಚೆನ್ನಾಗಿದೆ ಎಂದೇ ನನ್ನ ಅಭಿಪ್ರಾಯ. ಆದರೆ ದರಪಟ್ಟಿಯಲ್ಲಿ ಅಚ್ಚಾಗಿರುವ ಪದಗಳ ಅರ್ಥವನ್ನು ಕಚೇರಿಯಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. ಹೇಳಿದವರು ಕಂಬ ಹತ್ತಿ ತಂತಿ ಎಳೆದ ಲೈನ್‌ಮ್ಯಾನ್. ಅವರು ಹೇಳಿದ್ದನ್ನೂ ಕಚೇರಿಯವರು ಹೇಳದೆ ಬಿಟ್ಟದ್ದನ್ನೂ ಹೊಸದಾಗಿ ಸಂಪರ್ಕ ಪಡೆಯುವವರು ತಿಳಿದಿರಬೇಕು.

ಮೋಡೆಮ್ಮಿಗೆ ತಂತಿ ಸಿಕ್ಕಿಸುವ ಮೊದಲು ಅವರು ಅದನ್ನು ಅಂಗೈಯಗಲದ ಪವರ್ ಮೀಟರಿಗೆ ಸಿಕ್ಕಿಸಿ, ಮೈನಸ್ 19 ಡಿಬಿಎಂ ಎಂಬ ಅಂಕಿಯನ್ನು ತೋರಿಸಿ, "ಮೇಷ್ಟ್ರೇ, ಇದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ" ಎಂದರು. ಫೈಬರಿನಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಗಾಜಿನ ಒಂದೇ ಎಳೆಯಲ್ಲಿ 1490 ನ್ಯಾನೋಮೀಟರ್ ತರಂಗಾಂತರದ ಬೆಳಕು ಮನೆಯ ಕಡೆಗೂ 1310 ನ್ಯಾನೋಮೀಟರಿನದು ಮನೆಯಿಂದ ಹೊರಕ್ಕೂ ಸಾಗುತ್ತದೆ. ಮನೆಗೆ ತಲುಪಿದ ಬೆಳಕಿನ ಬಲವನ್ನು ಅಳೆಯುವ ಮಾನ ಈ ಡಿಬಿಎಂ. ಅಂಕಿ 3 ಇಳಿದಾಗಲೆಲ್ಲ ಬೆಳಕು ಅರ್ಧವಾಗುತ್ತದೆ. ಮೈನಸ್ 27ರ ಆಸುಪಾಸು ದಾಟಿದರೆ ಸಾಮಾನ್ಯ ಮೋಡೆಮ್ ಅದನ್ನು ಸರಿಯಾಗಿ ಹಿಡಿಯಲಾರದು.

ಕಳೆದ ಮುಂಗಾರಿನಲ್ಲಿ ಪಕ್ಕದ ತೆಂಗಿನ ಮರದ ಗರಿ ತಂತಿಯ ಮೇಲೆ ಬಿತ್ತು. ತಂತಿ ತುಂಡಾಗಲಿಲ್ಲ, ಆದರೆ ಇಂಟರ್ನೆಟ್ ಗಳಿಗೆಗೊಮ್ಮೆ ಬಂದು ಹೋಗತೊಡಗಿತು. ಮೋಡೆಮ್ಮಿನ ಸೆಟ್ಟಿಂಗ್ಸ್ ಪುಟ ತೆರೆದು ನೋಡಿದರೆ ಅಂಕಿ ಮೈನಸ್ 28ಕ್ಕೆ ಇಳಿದಿತ್ತು, ಅಂದರೆ ಬರುತ್ತಿದ್ದ ಬೆಳಕು ಮೊದಲಿನ ಎಂಟನೆಯ ಒಂದು ಪಾಲಷ್ಟೇ. ಫೋನಿನಲ್ಲಿ ಈ ಎರಡು ಅಂಕಿಗಳನ್ನು ಹೇಳಿದ ಕೂಡಲೇ ಲೈನ್‌ಮ್ಯಾನ್, ತಂತಿ ಎಲ್ಲೋ ಮಡಚಿಕೊಂಡಿದೆ ಎಂದು ಊಹಿಸಿ, ಸಂಜೆಯೊಳಗೆ ಬಂದು ಕಂಬದ ಬಳಿಯ ಮಡಿಕೆಯನ್ನು ಬಿಡಿಸಿ ಸರಿಮಾಡಿದರು. "ನೆಟ್ ಬರುತ್ತಿಲ್ಲ" ಎಂದಷ್ಟೇ ಹೇಳಿದ್ದರೆ ಮೋಡೆಮ್ ಬದಲಿಸುವುದರಲ್ಲೇ ಎರಡು ದಿನ ಕಳೆಯುತ್ತಿತ್ತೇನೋ.

ವೇಗದ ವಿಷಯದಲ್ಲಿ ನಮ್ಮ ಬೀದಿಯವರದು ಒಂದು ಸಾಮಾನ್ಯ ದೂರು: ನೂರು ಎಂದು ಹೇಳಿ ಹನ್ನೆರಡು ಕೊಡುತ್ತಾರೆ. ಇದು ತಪ್ಪು ತಿಳಿವಳಿಕೆ. ಪ್ಲಾನಿನ ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. ಫೈಲ್ ಇಳಿಸುವಾಗ ಕಂಪ್ಯೂಟರ್ ಸಾಮಾನ್ಯವಾಗಿ ತೋರಿಸುವುದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್ ಆಗುವುದರಿಂದ ನೂರಕ್ಕೆ ಸಿಗಬೇಕಾದದ್ದು ಹನ್ನೆರಡೂವರೆಯೇ. ರಾತ್ರಿ ಒಂಬತ್ತರ ಹೊತ್ತಿಗೆ ನಮ್ಮಲ್ಲಿ ವೇಗ ಎಂಬತ್ತರ ಸುಮಾರಿಗೆ ಇಳಿಯುವುದು ನಿಜ. ಒಂದೇ ಎಳೆಯನ್ನು ಅನೇಕ ಮನೆಗಳಿಗೆ ಹಂಚುವ ಈ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆಯ ಒಟ್ಟು ಸಾಮರ್ಥ್ಯ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಅಂದರೆ 2500 ಮೆಗಾಬಿಟ್, ಅದನ್ನು ಬೆಳಕನ್ನು ಕವಲೊಡೆಸುವ ಸ್ಪ್ಲಿಟರ್ ಮೂಲಕ ನಮ್ಮಲ್ಲಿ 32 ಮನೆಗಳಿಗೆ ಹಂಚಿದ್ದಾರೆ. ಎಲ್ಲ ಮನೆಯವರೂ ಒಟ್ಟಿಗೆ ನೂರು ನೂರು ಎಳೆದರೆ 3.2 ಗಿಗಾಬಿಟ್ ಬೇಕು. ಈ ಇಳಿತ ನನಗೆ ಸಹ್ಯವಾಗಿದೆ, ಏಕೆಂದರೆ ವಾರಕ್ಕೆರಡು ದಿನ ಇಲ್ಲಿಂದಲೇ ಕಚೇರಿಯ ಕೆಲಸ ಮಾಡುವ ನನ್ನ ಮಗಳ ವೀಡಿಯೊ ಸಭೆಗಳಿಗೆ ವೇಗಕ್ಕಿಂತ ಲೇಟೆನ್ಸಿ, ಅಂದರೆ ಮಾತು ಹೋಗಿ ಮರುಮಾತು ಬರುವ ವಿಳಂಬ, ಮುಖ್ಯ. ಅದು ಬೆಂಗಳೂರಿನ ಸರ್ವರಿಗೆ 6 ಮಿಲಿಸೆಕೆಂಡಿನ ಆಚೀಚೆ ಇರುತ್ತದೆ. ಎಪ್ಪತ್ತು ಕಿಲೋಮೀಟರನ್ನು ಗಾಜಿನೊಳಗಿನ ಬೆಳಕು ಹೋಗಿ ಬರಲು ಒಂದು ಮಿಲಿಸೆಕೆಂಡೂ ಬೇಡ. ಉಳಿದದ್ದೆಲ್ಲ ದಾರಿಯ ಯಂತ್ರಗಳು ತೆಗೆದುಕೊಳ್ಳುವ ಸಮಯ.

ನಮ್ಮದು ಕಲ್ಲು ಗೋಡೆಯ ಹಳೆಯ ಮನೆಯಾದ್ದರಿಂದ 5 ಗಿಗಾಹರ್ಟ್ಸ್ ವೈಫೈ ನಡುಮನೆ ದಾಟುವುದಿಲ್ಲ, 2.4 ಅಡುಗೆಮನೆಯವರೆಗೂ ತಲುಪುತ್ತದೆ. ಮಗಳ ಕೋಣೆಗೆ ಲ್ಯಾನ್ ಕೇಬಲ್ ಎಳೆಸಿಕೊಂಡೆವು.

ನನ್ನ ಅಸಮಾಧಾನವಿರುವುದು ಒಂದೇ ವಿಷಯದಲ್ಲಿ. ಅಂಗಳದ ಸಿಸಿಟಿವಿ ಕ್ಯಾಮೆರಾವನ್ನು ಬೆಂಗಳೂರಿನಿಂದ ನೋಡಲು ಮಗಳು ಮೋಡೆಮ್ಮಿನಲ್ಲಿ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ಬಂದ ಕೋರಿಕೆಯನ್ನು ಮನೆಯೊಳಗಿನ ಯಂತ್ರಕ್ಕೆ ದಾಟಿಸುವ ಏರ್ಪಾಡು, ಮಾಡಿದಳು, ಆದರೆ ಚಿತ್ರ ಬರಲಿಲ್ಲ. ಕ್ಯಾಮೆರಾದ ಚಿತ್ರ ದಾಖಲಿಸುವ ನಮ್ಮ ಹಳೆಯ ಡಿವಿಆರ್ ಕೆಟ್ಟಿದೆ ಎಂದು ಕಚೇರಿಯವರು ಎರಡು ವಾರ ಹೇಳುತ್ತಲೇ ಬಂದರು. ನಿಜವಾದ ಕಾರಣ ಸಿಜಿ-ನ್ಯಾಟ್, ಅಂದರೆ ಇಂಟರ್ನೆಟ್ಟಿನ ಒಂದೇ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುವ ವ್ಯವಸ್ಥೆ. ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ವಿಳಾಸ 32 ಬಿಟ್‌ಗಳದು, ಹಾಗಾಗಿ ಇಡೀ ಜಗತ್ತಿಗೆ ಒಟ್ಟು ಸುಮಾರು 429 ಕೋಟಿ ವಿಳಾಸಗಳು ಮಾತ್ರ. ಏಷ್ಯಾ ಪೆಸಿಫಿಕ್ ವಲಯದಲ್ಲಿ ಹಂಚಲು ಉಳಿದಿದ್ದ ದಾಸ್ತಾನು 2011ರ ಏಪ್ರಿಲ್ ಹೊತ್ತಿಗೆ ಕೊನೆಯ ಕಂತಿಗೆ ಬಂದಿತ್ತು. ಆದ್ದರಿಂದ ಅನೇಕ ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತಾರೆ. ಇದು ಬಾಗಿಲಿಗೆ ಒಂದೇ ನಂಬರ್ ಇರುವ ವಠಾರದಂತೆ. ಒಳಗಿನವರು ಬರೆದ ಕಾಗದ ಹೊರಗೆ ಹೋಗುತ್ತದೆ, ಅದಕ್ಕೆ ಬಂದ ಉತ್ತರವೂ ಸರಿಯಾದ ಮನೆಗೆ ಸೇರುತ್ತದೆ. ತಾನಾಗಿ ಹೊರಗಿನಿಂದ ಬಂದ ಕಾಗದವನ್ನು ಯಾವ ಮನೆಗೆ ಕೊಡಬೇಕೆಂದು ಬಾಗಿಲಲ್ಲಿದ್ದವರಿಗೆ ತಿಳಿಯುವುದಿಲ್ಲ. ಮೋಡೆಮ್ಮಿನ ವ್ಯಾನ್ (WAN) ವಿಳಾಸ, ಅಂದರೆ ಹೊರಜಾಲದ ಕಡೆಯ ವಿಳಾಸ, 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾದರೆ ನೀವೂ ಅಂಥ ವಠಾರದಲ್ಲಿದ್ದೀರಿ ಎಂದು ತಿಳಿಯಬಹುದು. ಇದನ್ನೂ ತೋರಿಸಿಕೊಟ್ಟವರು ಆ ಲೈನ್‌ಮ್ಯಾನೇ.

ವಿಳಾಸಗಳ ಕೊರತೆ ಸೇವೆ ಕೊಡುವವರ ತಪ್ಪಲ್ಲ. ಹಣ ಕಟ್ಟಿಸಿಕೊಳ್ಳುವಾಗ ಅದನ್ನು ಹೇಳದಿದ್ದದ್ದು ತಪ್ಪು, ವಿಳಾಸಗಳು ಹೇರಳವಾಗಿರುವ ಹೊಸ ಪದ್ಧತಿ ಐಪಿವಿ6ನ್ನು ಇಂದಿಗೂ ಕೊಡದಿರುವುದು ಕೊರತೆ. ತಿಂಗಳಿಗೆ 200 ರೂಪಾಯಿ ಹೆಚ್ಚು ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ನಮ್ಮದೇ ಆದ, ಬದಲಾಗದ ಸಾರ್ವಜನಿಕ ವಿಳಾಸ, ಪಡೆದೆವು. ಡಿವಿಆರ್ ಜೊತೆಗೆ ಬಂದಿದ್ದ ಪಾಸ್‌ವರ್ಡನ್ನು ಮೊದಲು ಬದಲಿಸಿ, ಆಮೇಲೆ ಪೋರ್ಟ್ ತೆರೆದೆವು. ಈಗ ಮಗಳಿಗೆ ಅಂಗಳ ಕಾಣುತ್ತದೆ. ಸಿಜಿ-ನ್ಯಾಟ್ ಬಗ್ಗೆ ದರಪಟ್ಟಿಯಲ್ಲಿ ಕನ್ನಡದಲ್ಲಿ ಒಂದು ಸಾಲು ಸೇರಿಸಿ ಎಂದು ಕಚೇರಿಗೆ ಬರೆದುಕೊಟ್ಟಿದ್ದೇನೆ. ಅವರು ಸೇರಿಸುವವರೆಗೆ, ಮನೆಯಲ್ಲಿ ಕ್ಯಾಮೆರಾ ಇರುವವರು ಮುಂಗಡ ಕಟ್ಟುವ ಮೊದಲೇ ಸಾರ್ವಜನಿಕ ಐಪಿ ಸಿಗುತ್ತದೆಯೇ, ಅದಕ್ಕೆಷ್ಟು ಎಂದು ಕೇಳಿ, ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ.